ಮಂಚಮ್ಮ ಬಿಟ್ಟುಕೊಟ್ಟ ಮುಸ್ಸಂಜೆ

ಅಂಕನಕೊಪ್ಪಲಿನ ಮಂಚಮ್ಮನ ಅಂಗೈ ಮುಟ್ಟಿದವರು ಯಾರೂ ಅದನ್ನು ಹೆಂಗಸಿನ ಕೈ ಅಂದದ್ದಿಲ್ಲ. ಒಂಬತ್ತನೇ ವಯಸ್ಸಿಗೆ ರಾಗಿಕಲ್ಲಿನ ಗೂಟ ಹಿಡಿದವಳು ನಲವತ್ತು ದಾಟುವವರೆಗೂ ಬಿಟ್ಟಿರಲಿಲ್ಲ. ಗಂಡ ಕರಿಯಯ್ಯ ಜ್ವರದಲ್ಲಿ ಹೋದ ಮೇಲಂತೂ ಊರವರ ರಾಗಿಯನ್ನು ಕೂಲಿಗೆ ಬೀಸಿಯೇ ಹೊಟ್ಟೆ ಹೊರೆದಳು. ಕೋಳಿ ಕೂಗುವ ಮುಂಚೆ ಕೂತರೆ ಬಿಸಿಲು ಏರುವವರೆಗೂ ಗರಗರ, ಗರಗರ. ಕೂಲಿ ಕೊಡುವವರು "ಪಾಪ, ಗಂಡ ಸತ್ತೋಳು" ಅಂತ ಒಂದು ಮಾತು ಸೇರಿಸಿಯೇ ಕೊಡುತ್ತಿದ್ದರು. ಅಲ್ಲ ಸ್ವಾಮಿ, ಬೀಸಿದ್ದಕ್ಕೆ ಕೂಲಿ ಕೊಟ್ಟರೆ ಆಯಿತಪ್ಪ, ನಡುವೆ ಪಾಪ ಯಾಕೆ? ಆ ಮಾತು ಕೇಳಿದರೆ ಮಂಚಮ್ಮನಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಮಳವಳ್ಳಿಯಿಂದ ಎರಡು ಮೈಲಿಯ ಆ ಕೊಪ್ಪಲಿಗೆ ಮೂವತ್ತೇಳನೇ ಇಸವಿಯಲ್ಲಿ ಕರೆಂಟಿನ ಕಂಬಗಳು ಬಂದವು. ಪಟೇಲರ ಮನೆಗೆ, ಕಬ್ಬಿನ ಗದ್ದೆಯ ಒಂದು ಪಂಪಿಗೆ, ಇನ್ನು ಏಳೆಂಟು ಮನೆಗೆ ತಂತಿ ಎಳೆದರು. ಉಳಿದವರು ಕಂಬದ ಕೆಳಗೆ ನಿಂತು ಕತ್ತು ನೋಯುವ ಹಾಗೆ ಮೇಲೆ ನೋಡಿದರು. ಮಂಚಮ್ಮ ನೋಡುತ್ತಾ ನಿಲ್ಲುವ ಪೈಕಿಯಲ್ಲ. ಇದ್ದ ಅರ್ಧ ಎಕರೆ ಹೊಲ ಮಾರಿ, ಮಂಡ್ಯದಲ್ಲಿ ಯಾರೋ ಬಳಸಿ ಬಿಟ್ಟಿದ್ದ ಮೋಟಾರು, ಹಿಟ್ಟಿನ ಮಿಷನ್ನು ಎರಡನ್ನೂ ಗಾಡಿಗೆ ಹೇರಿಸಿಕೊಂಡು ಬಂದೇಬಿಟ್ಟಳು. ಊರು ನಕ್ಕಿತು. ನಗಲಿ ಬಿಡಿ, ಊರಿಗೆ ಇನ್ನೇನು ಕೆಲಸ.

ಮೊದಲ ದಿನ ಲೈನ್‌ಮನ್ ಚಿಕ್ಕಣ್ಣ ಹಿಡಿ ಎಳೆದು ಮೋಟಾರು ಓಡಿಸಿದ. ಅವಳು ಅರ್ಧ ದಿನ ಬೀಸುತ್ತಿದ್ದಷ್ಟು ರಾಗಿ ಒಂದು ಎಲೆಅಡಿಕೆ ಜಗಿದು ಉಗಿಯುವಷ್ಟರಲ್ಲಿ ಹಿಟ್ಟಾಗಿ ಬಿತ್ತು. ಮಂಚಮ್ಮ ಬಿಸಿ ಹಿಟ್ಟಿಗೆ ಕೈ ಹಾಕಿ ಅಲ್ಲೇ ಕುಸಿದು ಕೂತು ಅತ್ತಳು. ಮೂವತ್ತು ವರ್ಷದ ಕೈನೋವೆಲ್ಲ ಆ ಹೊತ್ತಿಗೆ ನೆನಪಾಯಿತೋ ಏನೋ, ಯಾರು ಸಮಾಧಾನ ಹೇಳಿದರೂ ನಿಲ್ಲಲಿಲ್ಲ.

ಚಿಕ್ಕಣ್ಣ ಒಂದು ಕಾಗದವನ್ನೂ ಓದಿ ಹೇಳಿದ್ದ. ದೀಪದ ಕರೆಂಟಿಗೆ ಒಂದು ದರ, ಮೋಟಾರಿನ ಕರೆಂಟಿಗೆ ಅದಕ್ಕಿಂತ ಕಡಿಮೆ ದರ. ಸಂಜೆ ಆರರಿಂದ ಒಂಬತ್ತರವರೆಗೆ ಮೋಟಾರು ಓಡಿಸುವುದಿಲ್ಲ ಅಂತ ಒಪ್ಪಿಕೊಂಡವರಿಗೆ ಇನ್ನೂ ರಿಯಾಯಿತಿ. ಮಂಚಮ್ಮ ಹೆಬ್ಬೆಟ್ಟು ಒತ್ತಿದಳು. ಆ ರಿಯಾಯಿತಿ ಇದ್ದುದಕ್ಕೇ ಅವಳು ಅಷ್ಟು ಸೋವಿಗೆ ಬೀಸಿಕೊಡುತ್ತಿದ್ದದ್ದು. ವರ್ಷ ತುಂಬುವುದರೊಳಗೆ ಕೊಪ್ಪಲಿನ ಹೆಂಗಸರು ತಮ್ಮ ತಮ್ಮ ರಾಗಿಕಲ್ಲುಗಳನ್ನು ಹಿತ್ತಿಲಿಗೆ ಉರುಳಿಸಿದರು. ಆದರೆ ರಿಯಾಯಿತಿ ಯಾಕೆ ಕೊಟ್ಟರು ಅನ್ನುವುದು ಮಂಚಮ್ಮನಿಗೆ ತಿಳಿದಿರಲಿಲ್ಲ. ಸರ್ಕಾರದವರೂ ಗಂಡ ಸತ್ತವಳು ಅಂತ ಕನಿಕರಪಟ್ಟಿರಬೇಕು ಅಂದುಕೊಂಡು, ಒಳಗೊಳಗೇ ಹಲ್ಲು ಕಚ್ಚಿ ಈಸಿಕೊಂಡಿದ್ದಳು.

ಈಗ ಅವಳು ಮಾಡಿದ ತಪ್ಪು ಕೇಳಿ. ದಿನಾ ಮುಸ್ಸಂಜೆ ಮನೆದೇವರಿಗೆ ದೀಪ ಹಚ್ಚಿದ ಮೇಲೆ ಅದೇ ಬತ್ತಿಯಿಂದ ಮೋಟಾರಿನ ಮುಂದೆಯೂ ಒಂದು ದೀಪ ಹಚ್ಚುವಳು. ವಿಭೂತಿ ಬಳಿದು, ಹೂವಿಟ್ಟು, ಹಿಡಿ ಎಳೆದು ಒಂದು ಬೊಗಸೆ ರಾಗಿ ಬೀಸುವಳು. ದೀಪ ಹಚ್ಚುವ ಹೊತ್ತು ಲಕ್ಷ್ಮಿ ಮನೆಗೆ ಬರುವ ಹೊತ್ತು; ಅನ್ನ ಕೊಡುವ ಮಿಷನ್ನು ಆಗ ಸತ್ತ ಹಾಗೆ ಬಿದ್ದಿದ್ದರೆ ಬಂದ ಲಕ್ಷ್ಮಿ ಏನಂದುಕೊಂಡಾಳು? ಆ ಹಿಟ್ಟಿಗೆ ಅವಳು ಯಾರಿಂದಲೂ ಕಾಸು ಮುಟ್ಟುತ್ತಿರಲಿಲ್ಲ. ಕೂಲಿಗೆ ಬೀಸುವುದು ಬೇರೆ, ದೇವರಿಗೆ ಬೀಸುವುದು ಬೇರೆ. ಕಾಗದದಲ್ಲಿ ಬರೆದದ್ದು ಕೂಲಿಯ ಮಾತು ಅಂತಲೇ ಅವಳು ನಂಬಿದ್ದಳು.

ಆದರೆ ಅವಳು ಹಿಡಿ ಎಳೆದಾಗಲೆಲ್ಲ ಪಟೇಲರ ಮನೆಯ ಬಲ್ಬು ಕೆಂಪಗಾಗಿ ಮತ್ತೆ ಬೆಳಗುತ್ತಿತ್ತು. ಒಂದು ದಿನ ಚಿಕ್ಕಣ್ಣ ಸಂಜೆಯೇ ಬಂದು ಬಾಗಿಲಲ್ಲಿ ನಿಂತ.

"ಏನಮ್ಮೋ ಇದು! ಕಾಗ್ದ ಓದಿ ಏಳಿರ್ನಿಲ್ವಾ ನಾನು?"

"ಪೂಜೆ ಕಣ್ಲಾ, ಪೂಜೆ! ಕೂಲಿ ಅಲ್ಲ!"

"ಮೀಟ್ರಿಗೆ ಪೂಜೆ ಯಾವ್ದು, ಕೂಲಿ ಯಾವ್ದು ಅಂತ ಗೊತ್ತಾಯ್ತದಾ? ನಾನ್ ಮೇಲಿನೋರ್ಗೆ ಬರ್ದು ತಿಳುಸ್ದಿದ್ರೆ ನನ್ ಕೆಲ್ಸ ಓಯ್ತದೆ ಕಣಮ್ಮ."

ವಾರಕ್ಕೆ ನೋಟೀಸು ಬಂತು. ಹದಿನೈದು ದಿನದೊಳಗೆ ಕರೆಂಟ್ ಆಫೀಸಿಗೆ ಬಂದು ಸಮಜಾಯಿಷಿ ಕೊಡದಿದ್ದರೆ ರಿಯಾಯಿತಿ ರದ್ದು. ರದ್ದಾದರೆ ಬೀಸುವ ಕೂಲಿಯನ್ನು ಒಂದಕ್ಕೆ ಎರಡು ಮಾಡಬೇಕು, ಹಾಗೆ ಮಾಡಿದರೆ ಒಬ್ಬರೂ ಬರುವುದಿಲ್ಲ, ಮಿಷನ್ನು ಮುಚ್ಚಬೇಕು. ಪಕ್ಕದ ಮನೆಯ ಬೆಳ್ಳಮ್ಮ ಏಳು ತಿಂಗಳ ಬಸುರಿ. ಸುದ್ದಿ ಕೇಳಿದವಳೇ ಓಡಿಬಂದಳು. "ಅಕ್ಕೋ, ಈ ಒಟ್ಟೆ ಇಟ್ಕಂಡು ನಾನಿನ್ನು ಕಲ್ಲು ತಿರುಗುಸ್ಲಾ? ಏನಾರ ಮಾಡಕ್ಕೋ" ಅಂತ ಕೈ ಹಿಡಿದುಕೊಂಡಳು.

ಮಂಚಮ್ಮನ ತಮ್ಮ ಹೊನ್ನಯ್ಯ, ಕಾವೇರಿ ಧುಮುಕುವಲ್ಲಿ ಕರೆಂಟು ಹುಟ್ಟಿಸುವ ಬ್ಲಫ್ಫಿನ ಪವರ್ ಹೌಸಿನಲ್ಲಿ ಮಿಷನ್ನಿಗೆ ಎಣ್ಣೆ ಬಿಡುವ ಕೆಲಸದಲ್ಲಿದ್ದ. ಆಫೀಸಿನ ಸಾಹೇಬರಿಗೆ ಅವನಿಂದ ಒಂದು ಮಾತು ಹೇಳಿಸೋಣ ಅಂತ ಬುತ್ತಿ ಕಟ್ಟಿಕೊಂಡು ಹೋದಳು. ಅವನು ಎಲ್ಲ ಕೇಳಿ ತಲೆ ಕೆರೆದುಕೊಂಡ.

"ನಾನು ಎಣ್ಣೆ ಬುಡೋನು ಕಣಕ್ಕ, ನನ್ ಮಾತು ಯಾರ್ ಕೇಳ್ತಾರೆ? ಆದ್ರೆ ಸಂಜೆ ಮಿಷನ್ ಯಾಕ್ ನಿಲ್ಸು ಅಂತಾರೆ, ಅದುನ್ನ ಬೇಕಾರೆ ತೋರುಸ್ತೀನಿ ಬಾ."

ಮೇಲಿನವರ ಅಪ್ಪಣೆ ಕೇಳಿ, ಹೊತ್ತು ಇಳಿಯುವಾಗ ಕರೆದುಕೊಂಡು ಹೋದ. ಕಡಿದಾದ ಇಳಿಜಾರಿನಲ್ಲಿ ಕಬ್ಬಿಣದ ಹಗ್ಗಕ್ಕೆ ಕಟ್ಟಿದ ಟ್ರಾಲಿ ಇಳಿಯತೊಡಗಿದಾಗ ಮಂಚಮ್ಮ ಕಣ್ಣು ಮುಚ್ಚಿ ಮನೆದೇವರನ್ನು ಕೂಗಿದಳು. ಕೆಳಗೆ ಆನೆ ನುಗ್ಗುವಷ್ಟು ದಪ್ಪದ ಕೊಳವೆಗಳು ಗುಡ್ಡದಿಂದ ಇಳಿದು ಬಂದಿದ್ದವು. "ಒಳ್ಗೆ ಕಾವೇರಿ ಅವ್ಳೆ, ಮುಟ್ಟು" ಅಂದ ತಮ್ಮ. ಮುಟ್ಟಿದಳು. ಕೊಳವೆ ನಡುಗುತ್ತಿತ್ತು. ಆ ನಡುಕ ಅಂಗೈಯಿಂದ ಎದೆಯವರೆಗೆ ಹತ್ತಿತು. ಅಯ್ಯೋ ನನ್ನವ್ವ, ನಮ್ಮ ಗದ್ದೆ ಬದುವಿನಲ್ಲಿ ಜುಳುಜುಳು ಅನ್ನುವವಳು ಇವಳೇನಾ!

ಒಳಗೆ ಗೋಡೆಯ ಮೇಲೆ ಗಡಿಯಾರದ ಹಾಗೆ ದುಂಡಗಿನದೊಂದು ಇತ್ತು. ಮುಳ್ಳು ಮಾತ್ರ ಒಂದೇ. ಕಿಟಕಿಯ ಹೊರಗೆ ಬಿಸಿಲು ಗುಡ್ಡ ಬಿಟ್ಟು ಹೋಯಿತು. "ಈಗ ನೋಡ್ತಾ ಇರಕ್ಕ" ಅಂದ ಹೊನ್ನಯ್ಯ.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮುಳ್ಳು ಒಂದು ಎಳೆಯಷ್ಟು ಅಲುಗಿತು. ಮತ್ತೆ ಅಲುಗಿತು. ನೋಡನೋಡುತ್ತಿದ್ದಂತೆ ಏರತೊಡಗಿತು, ನಿಲ್ಲದೆ ಏರಿತು. ಯಾರೋ ಟೆಲಿಫೋನಿನಲ್ಲಿ ಕೂಗಿದರು, ಅದುವರೆಗೆ ಸುಮ್ಮನಿದ್ದ ಇನ್ನೊಂದು ಮಿಷನ್ನು ಗುಡುಗಿಕೊಂಡು ಎದ್ದಿತು, ನಿಂತ ನೆಲ ಅದುರಿತು.

"ಏನ್ಲಾ ಅದು? ಯಾರ್ಲಾ ಎಳೀತಾವ್ರೆ ಅದುನ್ನ?"

"ಯಾರೂ ಎಳೀತಿಲ್ಲ ಕಣಕ್ಕ, ಕರೆಂಟು ಜಾಸ್ತಿ ಓದಂಗೆಲ್ಲ ಅದು ಏರ್ತದೆ. ದೀಪ ಅಚ್ತಾವ್ರೆ. ಮಂಡ್ಯ, ಮದ್ದೂರು, ಮೈಸೂರು, ಬೆಂಗ್ಳೂರು, ಎಲ್ಲಾ ಕಡೆ ಒಂದೇ ಗಳಿಗೇಲಿ."

ಮಂಚಮ್ಮ ಮುಳ್ಳಿಗೆ ಇನ್ನಷ್ಟು ಹತ್ತಿರ ಹೋದಳು. ಮುಖ ತೊಳೆದು, ಸೆರಗು ಸರಿಮಾಡಿಕೊಂಡು, ದೀಪ ಹೊತ್ತಿಸಿ ಕೈಮುಗಿಯುವ ಹೆಂಗಸರು. ಅವಳು ಕಾಣದ ಊರುಗಳ ಸಾವಿರಾರು ಹೆಂಗಸರು. ಅವರೆಲ್ಲರ ಕೈ ಆ ಒಂದು ಮುಳ್ಳಿನ ಮೇಲಿತ್ತು. ಅವಳ ಕಣ್ಣಲ್ಲಿ ನೀರು ತುಂಬಿತು.

ಹೊನ್ನಯ್ಯ ಬಿಡಿಸಿ ಹೇಳಿದ. ಈಗ ಎದ್ದ ಈ ಮಿಷನ್ನು ಇಡೀ ಹಗಲು ಸುಮ್ಮನೆ ಕಾಯುತ್ತದೆ, ಇದನ್ನು ಇಟ್ಟಿರುವುದೇ ಸಂಜೆಯ ಮೂರು ಗಂಟೆಗೋಸ್ಕರ. ಎಲ್ಲರೂ ಎಲ್ಲವನ್ನೂ ಸಂಜೆಯೇ ಓಡಿಸಿದರೆ ಇಂಥದ್ದೇ ಇನ್ನೊಂದು ತರಬೇಕು, ಅದಕ್ಕೆ ರಾಶಿ ದುಡ್ಡು. ಸಂಜೆ ಬಿಟ್ಟು ಹಗಲು ಬಳಸುವವರು ಆ ಖರ್ಚು ಉಳಿಸುತ್ತಾರೆ. ಅದಕ್ಕೇ ಅವರಿಗೆ ಕಡಿಮೆ ದರ.

"ಅಂಗಾದ್ರೆ ರಿಯಾಯ್ತಿ ಅನ್ನೋದು ಕನಿಕರ ಅಲ್ವೇನ್ಲಾ?"

"ಯಾವ್ ಕನಿಕರ? ನೀನು ನಿನ್ ಸಂಜೆ ಬುಟ್ಟುಕೊಡ್ತಿ, ಅವ್ರು ಅದುಕ್ಕೆ ಬೆಲೆ ಕೊಡ್ತಾರೆ."

ಮಂಚಮ್ಮ ಏರಿ ನಿಂತ ಮುಳ್ಳನ್ನು ಇನ್ನೊಂದು ಸಲ ನೋಡಿದಳು. ಅವಳಿಂದ ಬೆಂಗಳೂರಿಗೂ ಏನೋ ಸಲ್ಲುತ್ತದೆಯಂತೆ! ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ, ಆದರೆ ಕಣ್ಣಾರೆ ಕಂಡಿದ್ದಳಲ್ಲ. ಮಾರನೇ ದಿನದಿಂದ ಮೋಟಾರಿನ ಪೂಜೆಯನ್ನು ಬೆಳಗಿನ ಹೊತ್ತಿಗೆ ಹಾಕಿಕೊಂಡಳು.

ಹದಿನಾಲ್ಕನೇ ದಿನ ಆಫೀಸಿಗೆ ಹೋದಳು. ಮೇಜಿನ ಹಿಂದೆ ಕೂತ ಸಾಹೇಬರು ಕಡತ ತಿರುವಿ, "ಸಂಜೆ ಓಡಿಸಿದ್ದು ನಿಜವೇನಮ್ಮ?" ಅಂದರು.

"ನಿಜ ಬುದ್ದಿ. ತಪ್ಪು ನಂದೇ. ಇನ್ ಓಡ್ಸಕಿಲ್ಲ."

ಸಾಹೇಬರು ಕೆಟ್ಟವರಲ್ಲ. ಅವಳ ಬರಿ ಹಣೆ ನೋಡಿದರು, ಸವೆದ ಕೈ ನೋಡಿದರು. "ಹೋಗಲಿ, ದಿಕ್ಕಿಲ್ಲದ ಹೆಂಗಸು. ದಯೆ ತೋರಿಸಿ ಈ ಸಲ ಬಿಟ್ಟಿದ್ದೇವೆ ಅಂತ ಬರೀತೀನಿ" ಅಂತ ಲೇಖನಿ ಎತ್ತಿ ಬರೆಯತೊಡಗಿದರು.

ಬಾಗಿಲ ಬಳಿ ನಿಂತಿದ್ದ ಚಿಕ್ಕಣ್ಣನಿಗೆ ಜೀವ ಬಂತು. ಕೈಮುಗಿದು ಹೊರಟರೆ ಕೆಲಸ ಆದ ಹಾಗೆ. ಮಂಚಮ್ಮನಿಗೂ ಅದು ಗೊತ್ತಿತ್ತು. ಬೆಳ್ಳಮ್ಮನ ಮುಖ ಕಣ್ಣ ಮುಂದೆ ಬಂತು. ಆದರೂ ಬಾಯಿ ಸುಮ್ಮನಿರಲಿಲ್ಲ.

"ಅಂಗ್ ಬರೀಬ್ಯಾಡಿ ಬುದ್ದಿ."

"ಏನಂದೆ?"

"ಬ್ಲಫ್ನಾಗೆ ಮುಳ್ಳು ಏರೋದ ನೋಡ್ಕ ಬಂದಿವ್ನಿ. ನಾನು ಸಂಜೆ ಮೂರು ಗಂಟೆ ಕೊಡ್ತೀನಿ, ನೀವು ರೇಟು ಕೊಡಿ. ಇದು ಯಾಪಾರ. ಸಂಜೆ ನಿಮ್ಮನೇಲಿ ಅಮ್ಮಾವ್ರು ದೀಪ ಅಚ್ತಾರಲ್ಲ, ಆ ಬೆಳಕ್ನಾಗೆ ನಂದೂ ಒಸಿ ಅದೆ."

ಚಿಕ್ಕಣ್ಣ ತಲೆ ಮೇಲೆ ಕೈ ಇಟ್ಟುಕೊಂಡ. ಸಾಹೇಬರ ಲೇಖನಿ ಕಾಗದದ ಮೇಲೆ ಹಾಗೇ ನಿಂತಿತ್ತು. ಆಮೇಲೆ ಅವರು ಬರೆದಿದ್ದ ಸಾಲನ್ನು ಹೊಡೆದುಹಾಕಿ, 'ಒಪ್ಪಂದದಂತೆ ರಿಯಾಯಿತಿ ಮುಂದುವರಿಯಲಿ' ಅಂತ ಬರೆದು, ಎದುರಿಗಿದ್ದ ಕುರ್ಚಿ ತೋರಿಸಿ, "ಕೂತುಕೊಳ್ಳಿ" ಅಂದರು.