ನನ್ನ ಬೆನ್ನ ಹಿಂದಿನ ಹಲಗೆ

ದೋಣಿಗೆ ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾರೆ ಎಂದರೆ ನಮ್ಮ ಅರಸೀಕೆರೆಯಲ್ಲಿ ಈಗಲೂ ನಗುತ್ತಾರೆ. ಕೊಬ್ಬರಿ ಮಾರುವ ಊರಿಗೆ ದೋಣಿಯ ವಿದ್ಯೆ ಯಾಕೆ ಬೇಕು? ಆದರೆ ಮೈಸೂರಿನಲ್ಲಿ ಓದುವಾಗ ನಾನೂ ನನ್ನ ಗೆಳೆಯನೂ ಕಾಲೇಜಿನ ದೋಣಿ ತಂಡದಲ್ಲಿದ್ದೆವು. ಇಬ್ಬರ ದೋಣಿ, ಒಬ್ಬೊಬ್ಬರಿಗೆ ಒಂದೊಂದೇ ಹುಟ್ಟು. ಬಲಗಡೆಯದು ನನ್ನದು, ಎಡಗಡೆಯದು ಅವನದು. ಒಬ್ಬ ಕೈಬಿಟ್ಟರೆ ಸಾಕು, ದೋಣಿ ಗಾಣದೆತ್ತಿನ ಹಾಗೆ ಸುತ್ತತೊಡಗುತ್ತದೆ.

ಅವನು ಕೂರುತ್ತಿದ್ದದ್ದು ನನ್ನ ಬೆನ್ನ ಹಿಂದಿನ ಹಲಗೆಯಲ್ಲಿ. ಆಗಾಗ ಕತ್ತು ತಿರುಗಿಸಿ ದಾರಿ ನೋಡುವುದು ಅವನ ಕೆಲಸ, ತಿರುಗದೆ ಎಳೆಯುವುದು ನನ್ನದು. ನಾನೇನಾದರೂ ತಿರುಗಿದರೆ ಗದರುತ್ತಿದ್ದ.

"ನಿಂಗ್ಯಾಕ್ಲಾ ಅದು? ಹಿಂದೆ ನಾನಿಲ್ವಾ?"

ಹಾಗಾಗಿ ನನಗೆ ಅವನ ಮುಖಕ್ಕಿಂತ ಉಸಿರೇ ಹೆಚ್ಚು ಪರಿಚಯ. ಪ್ರತಿ ಸಲ ಹುಟ್ಟು ಎಳೆದಾಗಲೂ ಕೊನೆಗೆ ಮೂಗಿನಲ್ಲೇ ಸಣ್ಣಗೆ 'ಹೂಂ' ಎನ್ನುತ್ತಿದ್ದ.

ಓದು ಮುಗಿಸಿ ಅವನು ಹಳೇಬೀಡಿಗೆ, ರಾಗಿ ತೆಂಗು ಎಂದು ಹೊರಟುಹೋದ. ನಾನು ಅರಸೀಕೆರೆಯಲ್ಲಿ ವಿಜ್ಞಾನದ ಮೇಷ್ಟ್ರಾದೆ. ಬೇಲೂರಿನ ಹತ್ತಿರ ಯಗಚಿ ಹೊಳೆಗೆ ಕಟ್ಟೆ ಕಟ್ಟಿ ಹಿನ್ನೀರು ನಿಂತ ಮೇಲೆ, ಮಳೆಗಾಲ ಮುಗಿದಾಗಲೆಲ್ಲ ಅಲ್ಲಿ ಮೀನು ಹಿಡಿಯುವವರೊಬ್ಬರ ದೋಣಿ ಕೇಳಿಕೊಂಡು ಇಬ್ಬರೂ ನೀರಿಗಿಳಿಯುತ್ತಿದ್ದೆವು. ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು, ಕೂರುವ ಹಲಗೆ ಮಾತ್ರ ಬದಲಾಗಿರಲಿಲ್ಲ.

ಈ ಕಾರ್ತಿಕದಲ್ಲಿ ಅವನು ಕಾಫಿ ಕುಡಿಯಲು ಕೂತವನು ಮತ್ತೆ ಏಳಲಿಲ್ಲ. ತೋಟದಲ್ಲೇ ಸುಟ್ಟೆವು. ಹೊರಡುವಾಗ ಹಿರಿಯರೊಬ್ಬರು ಯಾರೂ ಹಿಂದೆ ತಿರುಗಿ ನೋಡಬಾರದು ಎಂದರು. ದೆವ್ವ ಭೂತ ಇಲ್ಲ ಎಂದು ಎರಡು ತಲೆಮಾರಿನ ಮಕ್ಕಳಿಗೆ ಪಾಠ ಹೇಳಿದ ನಾನು ಅಂದು ಕತ್ತು ಅಲುಗಿಸಲಿಲ್ಲ. ತೋಟದ ಬೇಲಿ ದಾಟುವಷ್ಟರಲ್ಲಿ ಬೆನ್ನ ಹಿಂದೆ, ಮಾರು ದೂರದಲ್ಲಿ, ಮೂಗಿನಲ್ಲೇ ಯಾರೋ 'ಹೂಂ' ಎಂದರು.

ಅದು ನನ್ನ ಜೊತೆ ಬಸ್ಸು ಹತ್ತಿತು, ಅರಸೀಕೆರೆಗೂ ಬಂತು. ತರಕಾರಿ ತರಲು ನಡೆಯುವಾಗ, ಬಾವಿಯಿಂದ ನೀರು ಸೇದುವಾಗ, ಕೈಗೆ ಶ್ರಮ ಬಿದ್ದಾಗಲೆಲ್ಲ ಹಿಂದಿನಿಂದ ಅದೇ ಸದ್ದು. ಯಾರಿಗೆ ಉತ್ತರ ಕೊಡುತ್ತಿದ್ದೀರಿ ಎಂದು ಹೆಂಡತಿ ಕೇಳಿದಾಗಲೇ ನಾನೂ 'ಹೂಂ' ಎನ್ನುತ್ತಿದ್ದೇನೆಂದು ಗೊತ್ತಾದದ್ದು. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ಬೇರೆಯೇ ಇತ್ತು. ತಿರುಗಿ ನೋಡಿದರೆ ಎಲ್ಲಿ ನಿಂತುಹೋಗುತ್ತದೋ ಎಂದು ನಾನು ತಿರುಗಲೇ ಇಲ್ಲ.

ಅಷ್ಟರಲ್ಲಿ ಅವನ ಮಗಳು ಫೋನ್ ಮಾಡಿದಳು. ತನ್ನ ಬೂದಿಯನ್ನು ಆ ಹಿನ್ನೀರಿನಲ್ಲೇ ಬಿಡಬೇಕೆಂದು ಅವನು ಹೇಳಿದ್ದನಂತೆ.

"ಮಾಮ, ನಡುನೀರಿಗೆ ನೀವೇ ಕರ್ಕೊಂಡು ಹೋಗ್ಬೇಕು ಅಪ್ಪನ್ನ."

ಬೂದಿ ನೀರಿಗೆ ಬಿದ್ದರೆ ಅವನು ಹೋದಂತೆ. ನನಗೆ ಮನಸ್ಸಿರಲಿಲ್ಲ. ಆದರೂ ಇಲ್ಲ ಎನ್ನಲು ನಾನು ಯಾರು?

ಆ ದಿನ ಬೆಳಿಗ್ಗೆ ಹಿನ್ನೀರಿನ ಮೇಲೆ ಮಂಜು ಕವಿದಿತ್ತು. ದೋಣಿಯವರು ತಾವೇ ಹುಟ್ಟು ಹಾಕುವುದಾಗಿ ಹೇಳಿದರೂ ನಾನು ಒಪ್ಪಲಿಲ್ಲ. ಮಗಳು ಮಡಕೆಯನ್ನು ಮಡಿಲಲ್ಲಿಟ್ಟುಕೊಂಡು ನನಗೆ ಎದುರಾಗಿ ಕೂತಳು. ಹಿಂದಿನ ಹಲಗೆ ಖಾಲಿ. ಎಳೆದೆ. ಹಿಂದಿನಿಂದ 'ಹೂಂ' ಬಂತು. ಇಬ್ಬರ ಲಯ ಕೂಡಿತು. ದಡ ಮಂಜಿನಲ್ಲಿ ಮುಚ್ಚಿಹೋಯಿತು. ಎದುರಿಗಿದ್ದ ಹುಡುಗಿಯ ಕಣ್ಣು ಮತ್ತೆ ಮತ್ತೆ ನನ್ನ ಭುಜದ ಆಚೆಗೆ ಹೋಗುತ್ತಿತ್ತು. ಏನು ಕಂಡಿತೆಂದು ನಾನು ಕೇಳಲಿಲ್ಲ.

ಬಹಳ ಹೊತ್ತಿನ ಮೇಲೆ ಅವಳು ಮೆಲ್ಲಗೆ ಹೇಳಿದಳು, "ಮಾಮ, ನೀವು ಒಂದೇ ಹುಟ್ಟು ಹಾಕ್ತಿದೀರ."

ಕೈ ನೋಡಿಕೊಂಡೆ. ಹಳೆಯ ಅಭ್ಯಾಸದಲ್ಲಿ ಬಲಗಡೆಯದನ್ನು ಮಾತ್ರ ಹಿಡಿದಿದ್ದೆ. ಎಡಗಡೆಯದನ್ನು ಅವನಿಗೇ ಬಿಟ್ಟುಬಿಟ್ಟಿದ್ದೆ. ದಡ ಬಿಟ್ಟ ಕ್ಷಣದಿಂದಲೇ ದೋಣಿ ಸುತ್ತಬೇಕಿತ್ತು. ಆದರೆ ನಾವು ಬಂದ ಗೆರೆ ನನ್ನ ಕಣ್ಣೆದುರಿನ ನೀರಿನ ಮೇಲೆ ನೆಟ್ಟಗೆ ಮಂಜಿನೊಳಗೆ ಹೋಗಿತ್ತು. ಗಾಳಿ ಇರಬಹುದು ಎಂದುಕೊಂಡೆ. ಅವಳ ಕೂದಲಿನ ಒಂದೆಳೆಯೂ ಅಲುಗುತ್ತಿರಲಿಲ್ಲ.

ಬಿಡಲೇ ಎಂದು ಕೇಳಿದಳು. ಇನ್ನು ಸ್ವಲ್ಪ ದೂರ ಎಂದೆ. ನಡುನೀರು ದಾಟಿ ಎಷ್ಟೋ ಹೊತ್ತಾಗಿತ್ತು, ಅದು ನನಗೂ ಗೊತ್ತಿತ್ತು. ಎಳೆದೆ, ಮತ್ತೂ ಎಳೆದೆ. ಅವನೂ ಎಳೆದ. ಕೊನೆಗೆ ಅವಳ ಮುಖ ನೋಡಲಾರದೆ, "ಬಿಡಮ್ಮ," ಎಂದೆ.

ಬೂದಿ ಸ್ವಲ್ಪ ಹೊತ್ತು ತೇಲಿ ಮುಳುಗಿತು. ನಾನು ಹುಟ್ಟು ಎಳೆದೆ, ಕಿವಿಗೊಟ್ಟೆ. ಏನೂ ಇಲ್ಲ. ದೋಣಿಯ ಮೂತಿ ಪಕ್ಕಕ್ಕೆ ತಿರುಗಿತು. ಇನ್ನೊಮ್ಮೆ ಎಳೆದೆ, ಇನ್ನಷ್ಟು ತಿರುಗಿತು. ಮಂಜಿನ ನಡುವೆ ದೋಣಿ ಇದ್ದಲ್ಲೇ ಸುತ್ತತೊಡಗಿದಾಗ ಮಗಳು ಅತ್ತಳು, ನಾನೂ ಅತ್ತುಬಿಟ್ಟೆ.

ಆಮೇಲೆ ತಿರುಗಿದೆ. ಹಲಗೆಯ ಮೇಲೆ ಯಾರೂ ಇರಲಿಲ್ಲ. ಕೈಚಾಚಿ ಅವನ ಹುಟ್ಟನ್ನು ಹಿಡಿದೆ. ಆ ಚಳಿಯಲ್ಲೂ ಅದರ ಹಿಡಿ ಬೆಚ್ಚಗಿತ್ತು.

ಎರಡನ್ನೂ ನಾನೊಬ್ಬನೇ ಎಳೆದುಕೊಂಡು ದಡಕ್ಕೆ ಬಂದೆ. ದಾರಿ ನೋಡಲು ಆಗಾಗ ನಾನೇ ತಿರುಗಬೇಕಾಯಿತು.