ಹುಲ್ಲಿನ ದಿಬ್ಬದ ಮೇಲೆ ಹೆಗ್ಡೆ ಡಾಕ್ಟರು

ಮಲೇಷ್ಯಾದ ಸುಬಾಂಗ್ ಜಯಾದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಹಿಂದೊಂದು ಹುಲ್ಲಿನ ದಿಬ್ಬವಿತ್ತು. ಭಾನುವಾರ ಬೆಳಿಗ್ಗೆ ಹೆಗ್ಡೆ ಡಾಕ್ಟರು ಚಡ್ಡಿ ಬನಿಯನ್ನಿನಲ್ಲೇ ದಪ್ಪ ಬೂಟು ತೊಟ್ಟು, ಕಾಲಿಗೆ ಉದ್ದನೆಯ ಸ್ಕೀ ಹಲಗೆ ಬಿಗಿದುಕೊಂಡು ಅದನ್ನು ಹತ್ತುತ್ತಿದ್ದರು. ಗಡ್ಡದಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಅಂಕಲ್, ಸ್ನೋ ವೇರ್ ಲಾ?" ಎಂದು ಗೇಟಿನ ಕಾವಲುಗಾರ ಕೂಗುತ್ತಿದ್ದ.

"ಬರ್ತದೆ, ಬರ್ತದೆ" ಎಂದು ಇವರು ಕನ್ನಡದಲ್ಲೇ ಉತ್ತರಿಸಿ ಮುಂದೆ ಸಾಗುತ್ತಿದ್ದರು.

ಉಡುಪಿ ಕಡೆಯವರು. ಸೈನ್ಯದ ವೈದ್ಯರಾಗಿ ಕಾಶ್ಮೀರದಲ್ಲಿದ್ದಾಗ ಸ್ಕೀ ಕಲಿತು, ಆಮೇಲೆ ಇಲ್ಲಿಯ ಮೆಡಿಕಲ್ ಕಾಲೇಜಿಗೆ ಪಾಠ ಹೇಳಲು ಬಂದವರು. ಚೀನೀ ಹೊಸವರ್ಷದ ರಜೆಯಲ್ಲಿ ನಮ್ಮಂಥ ನಾಲ್ಕೈದು ಹೊಸಬರನ್ನು ಜಪಾನಿನ ಉತ್ತರದ ಬೆಟ್ಟಗಳಿಗೆ ಕರೆದೊಯ್ಯುತ್ತಿದ್ದರು. ಯಂತ್ರ ಮೇಲಕ್ಕೆ ಎಳೆದು ಬಿಡುವ ಜಾರಾಟವಲ್ಲ ಅದು. ಹಲಗೆಯ ಅಡಿಗೆ ಹಿಂದಕ್ಕೆ ಜಾರದಂಥ ಪಟ್ಟಿ ಅಂಟಿಸಿ, ಯಾರೂ ತುಳಿಯದ ಹಿಮದಲ್ಲಿ ನಾವೇ ಹತ್ತಿ ನಾವೇ ಇಳಿಯಬೇಕು.

ಇಲ್ಲಿನ ಹಣ ರಿಂಗಿಟ್‌ನ ಬೆಲೆ ಬಿದ್ದು ಅರ್ಧಕ್ಕೆ ನಿಂತ ಕಟ್ಟಡವೊಂದರ ಮರಳುರಾಶಿ ಅವರ ಪಾಠಶಾಲೆ. ಹಿಮದಡಿ ಸಿಕ್ಕಿದವರನ್ನು ಪತ್ತೆಹಚ್ಚುವ, ಬೀಪ್ ಎನ್ನುವ ಪೆಟ್ಟಿಗೆಯನ್ನು ಅದರಲ್ಲಿ ಹೂತು ಹುಡುಕಿಸುತ್ತಿದ್ದರು. ಬೆಂಗಳೂರಿನ ಸಾಫ್ಟ್‌ವೇರ್ ಮಹೇಶ ಕೊನೆಗೂ ಹುಡುಕಿ ಬೀಗಿದರೆ, "ಅವ ಸತ್ತು ತುಂಬ ಹೊತ್ತಾಯ್ತು ಮಾರಾಯ್ರೆ. ಇನ್ನೊಮ್ಮೆ" ಎನ್ನುವರು. ಆಮೇಲೆ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ಎಲ್ಲರಿಗೂ ಪರೋಟದಂಥ ರೋಟಿ ಚನಾಯ್ ಕೊಡಿಸುವರು. ತಿನ್ನುವಾಗಲೂ ಪಾಠ ಬಿಡುತ್ತಿರಲಿಲ್ಲ. "ಹೊರಡುವಾಗ ಸ್ವಲ್ಪ ಚಳಿ ಆಗ್ಬೇಕು. ಬೆಚ್ಚಗೆ ಹೊರಟವ ಬೆವರ್ತಾನೆ, ಬೆವರಿದವ ಮೇಲೆ ಹೋಗಿ ಮರಗಟ್ತಾನೆ."

ಆ ವರ್ಷ ನನ್ನ ಗಂಡ ತೀರಿಕೊಂಡಿದ್ದರು. ಯಾರು ಎಲ್ಲಿಗೆ ಕರೆದರೂ ಹೋಗುತ್ತಿದ್ದೆ. ಬೇಕು ಅನ್ನಿಸುತ್ತಿರಲಿಲ್ಲ, ಬೇಡ ಅಂತಲೂ ಅನ್ನಿಸುತ್ತಿರಲಿಲ್ಲ. ನಾನು ಹಲ್ಲಿನ ಡಾಕ್ಟರು. ಬೆರಳು ಆಡಿದರೆ ನನಗೂ ಮಗಳಿಗೂ ಊಟ.

ಜಪಾನಿನ ಬೆಟ್ಟದಲ್ಲಿ ನಾನು ತಂದ ಬಟ್ಟೆಯನ್ನೆಲ್ಲ ಹಾಕಿಕೊಂಡೇ ಹೊರಟೆ. ಮಲೇಷ್ಯಾದ ಸೆಕೆಯಲ್ಲಿ ಬದುಕಿದವಳಿಗೆ ಚಳಿಯೆಂದರೆ ಅಷ್ಟು ಭಯ. ಕೈಗವಸು ಬೆವರಿನಿಂದ ಒದ್ದೆಯಾಯಿತು. ಸೊಂಟದುದ್ದ ಹಿಮದಲ್ಲಿ ಬಿದ್ದಾಗಲೆಲ್ಲ ಕೈಯೂರಿ ಏಳಲು ನೋಡಿ ಮೊಣಕೈವರೆಗೆ ಮುಳುಗಿದೆ. ಕೈಯಲ್ಲಿನ ಊರುಗೋಲುಗಳನ್ನು ಹಿಮದ ಮೇಲೆ ಅಡ್ಡಡ್ಡ ಇಟ್ಟು ಅವುಗಳ ಮೇಲೆ ಭಾರ ಹಾಕಿ ಏಳಬೇಕೆಂದು ಅವರು ಕಲಿಸಿದ್ದು ತಲೆಯಲ್ಲೇ ಇರಲಿಲ್ಲ.

ಬೆಟ್ಟದ ನೆತ್ತಿ ಕಾಣುವಷ್ಟು ಹತ್ತಿರವಾದಾಗ ಅವರು ನಿಂತು ಒಬ್ಬೊಬ್ಬರನ್ನೇ ವಿಚಾರಿಸಿದರು. "ಬೆರಳು ಗೊತ್ತಾಗ್ತದಾ?"

"ಏನೂ ಗೊತ್ತಾಗ್ತಿಲ್ಲ ಸರ್" ಎಂದೆ, ಒಳ್ಳೆಯ ಸುದ್ದಿಯೆಂಬಂತೆ.

ಗವಸು ಎಳೆದು ನೋಡಿದರು. ಬೆರಳ ತುದಿಗಳು ಮೇಣದಬತ್ತಿಯಷ್ಟು ಬೆಳ್ಳಗಿದ್ದವು. "ಎಂತ ಮಾರಾಯ್ತಿ, ಹೇಳುದಲ್ವಾ?" ಎಂದವರೇ ತಮ್ಮ ಜಾಕೆಟ್ಟು ಬಿಚ್ಚಿ ನನ್ನ ಕೈಗಳನ್ನು ಕಂಕುಳಲ್ಲಿ ಒತ್ತಿ ಹಿಡಿದರು. ನಾನು ಹಿಂಜರಿದೆ. "ನಾಚಿಕೆ ಎಲ್ಲ ಊರಲ್ಲಿ" ಎಂದರು.

"ಸರ್, ನೆತ್ತಿ ಇಲ್ಲೇ ಇದೆ. ನೀವು ಹೋಗ್ಬನ್ನಿ, ನಾವು ಇವರನ್ನ ನೋಡ್ಕೋತೀವಿ" ಎಂದ ಮಹೇಶ.

ಅವರು ಆ ಕಡೆ ತಿರುಗಿಯೂ ನೋಡಲಿಲ್ಲ. "ಇಳಿಯುವ" ಎಂದರು.

ಕೆಳಗೆ ಗುಡಿಸಲಲ್ಲಿ ಬೆರಳಿಗೆ ಮತ್ತೆ ರಕ್ತ ಹರಿದಾಗ ನಾನು ಅರಚಿಕೊಂಡೆ. "ನೋಯ್ತದಾ? ಹಾಗಾದ್ರೆ ಉಳೀತು" ಎಂದು ನಕ್ಕರು. ಗಂಡ ಹೋದ ಮೇಲೆ ನನಗೆ ಏನಾದರೂ ಗೊತ್ತಾದದ್ದು ಅದೇ ಮೊದಲು.

ವಾಪಸು ಬಂದ ಮೇಲೆ ಅವರ ಹೆಂಡತಿ ವಾರಿಜಕ್ಕ ಹೇಳಿದರು: "ಅವರ ಮೊಣಕಾಲಿನ ಕಥೆ ಮುಗ್ದಿದೆ. ಇದೊಂದು ಸಲ ಆ ನೆತ್ತಿ ನೋಡ್ತೇನೆ, ಮತ್ತೆ ಕೇಳುದಿಲ್ಲ ಅಂತ ಹೇಳಿ ಹೋದದ್ದು." ಹಿಂದಿನ ವರ್ಷಗಳಲ್ಲೆಲ್ಲ ಹವೆ ಕೆಟ್ಟು ಅಲ್ಲಿಂದಲೇ ಮರಳಿದ್ದರಂತೆ.

ಕೆಲಸ ಬಿಟ್ಟು ಊರಿಗೆ ಹೊರಡುವ ಮುಂಚೆ ಡಾಕ್ಟರು ಹಲ್ಲು ಕೀಳಿಸಲು ನನ್ನ ಕ್ಲಿನಿಕ್ಕಿಗೆ ಬಂದರು. ಕಿತ್ತು ಹತ್ತಿ ಒತ್ತಿದ ಮೇಲೆ ಕೇಳಿಯೇಬಿಟ್ಟೆ. "ಕೊನೇ ಸಲ ಅಂತ ಗೊತ್ತಿತ್ತಲ್ಲ ಸರ್, ಯಾಕೆ ಇಳಿದ್ರಿ?"

ಬಾಯಿ ತುಂಬ ಹತ್ತಿ. ಇಕ್ಕಳ ಹಿಡಿದಿದ್ದ ನನ್ನ ಕೈಯನ್ನು ಹತ್ತಿರಕ್ಕೆಳೆದು, ಬೆರಳುಗಳನ್ನು ಒಂದೊಂದಾಗಿ ಮುಟ್ಟಿದರು. ಐದೂ ಇದ್ದವು.

ನಾನು ಇಕ್ಕಳವನ್ನು ತಟ್ಟೆಯಲ್ಲಿಟ್ಟೆ. "ಅರ್ಧ ಗಂಟೆ ಮಾತಾಡ್ಬೇಡಿ ಸರ್" ಎಂದೆ. ಅವರಿಗೆ ನಾನು ಆಡಿದ ಕೊನೆಯ ಮಾತು ಅದೇ.