ಬಿಸಿಲಿಗೆ ಪಳಗಿದವರು

ಮಹಬೂಬಣ್ಣ ಯಾರ ಮನೆಗೆ ಹೋದರೂ ಮೊದಲು ಮುಟ್ಟುತ್ತಿದ್ದುದು ಗೋಡೆಯನ್ನು. ಅಂಗೈಯಿಂದಲ್ಲ, ಮುಂಗೈಯಿಂದ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಮನೆಯವರು "ಬರ್ರಿ, ಕೂಡ್ರಿ" ಎನ್ನುತ್ತಿದ್ದರೆ ಅವರು ಪಡುವಣ ಗೋಡೆಯ ಹತ್ತಿರ ಕಣ್ಣುಮುಚ್ಚಿ ನಿಂತಿರುತ್ತಿದ್ದರು. ಆಮೇಲೆ ತೀರ್ಪು: "ಇದು ರಾತ್ರಿ ಹತ್ತರ ತನಕ ಆರಂಗಿಲ್ಲ ನೋಡ್ರಿ."

ಕೊಟ್ಟೂರಿನ ಬಸ್ ನಿಲ್ದಾಣದ ಹಿಂದೆ ಅವರ ಎ.ಸಿ., ಫ್ರಿಜ್ ರಿಪೇರಿ ಅಂಗಡಿ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಈ ಕೆಲಸ ಮಾಡುವವರು ಬಹುತೇಕ ಅವರ ಕೈಕೆಳಗೆ ಕಲಿತವರೇ. ಅವರಿಗೆಲ್ಲ ಮಹಬೂಬಣ್ಣ ಹಾಕಿಕೊಟ್ಟ ಒಂದು ಕಟ್ಟಳೆ ಇತ್ತು: ಯಂತ್ರಕ್ಕೆ ಒಬ್ಬ ಚೀಟಿ ಅಂಟಿಸಿ ಹೋಗಿದ್ದರೆ, ಅವನನ್ನು ಕೇಳದೆ ಇನ್ನೊಬ್ಬ ಅದಕ್ಕೆ ಕೈಹಚ್ಚಬಾರದು. ಬಿಚ್ಚಿಟ್ಟ ಯಂತ್ರಕ್ಕೆ ಗೊತ್ತಿಲ್ಲದವನು ಕರೆಂಟು ಕೊಟ್ಟರೆ ಒಳಗೆ ಕೈಯಿಟ್ಟವನು ಉಳಿಯುವುದಿಲ್ಲ. ಈ ಕಟ್ಟಳೆಯನ್ನು ಅವರು ತಂದದ್ದು ಕುವೈತಿನಿಂದ.

ನನ್ನ ಅಣ್ಣ ನಾಗರಾಜನೂ ಅಲ್ಲಿ ಅವರ ಜೊತೆ ಇದ್ದ. ಅವನ ಸೂಟ್‌ಕೇಸನ್ನು ತೆಲಿಗಿಯ ನಮ್ಮ ಮನೆಗೆ ತಂದುಕೊಟ್ಟವರು ಮಹಬೂಬಣ್ಣ. ಅವತ್ತೇ ನಾನು ಅವರನ್ನು ಮೊದಲು ಕಂಡದ್ದು. ಆಗಲೂ ಅವರು ಗೋಡೆ ಮುಟ್ಟಿದರು ಎಂದು ನನ್ನ ನೆನಪು ಹೇಳುತ್ತದೆ. ನಾನು ಅದನ್ನು ನಂಬುವುದಿಲ್ಲ. ಸಾವಿನ ಮನೆಯಲ್ಲಿ ಯಾರು ಗೋಡೆ ಮುಟ್ಟುತ್ತಾರೆ? ಆಮೇಲೆ ಕಂಡ ಎಷ್ಟೋ ಗೋಡೆಗಳಲ್ಲಿ ಒಂದನ್ನು ನಾನೇ ಅಲ್ಲಿಗೆ ತಂದು ನಿಲ್ಲಿಸಿರಬೇಕು.

ನಡೆದದ್ದು ಇಷ್ಟು. ರಾತ್ರಿಪಾಳಿ ಮುಗಿಸಿ ಹಗಲು ಮಲಗುವ ಎಂಟು ಜನರಿಗೆ ತಗಡು ಹೊದಿಸಿದ ಒಂದು ಕೋಣೆ, ಒಂದು ಎ.ಸಿ. ಅದು ಕೆಟ್ಟಿತು. ಸೂಪರ್‌ವೈಸರ್ ನಮ್ಮ ಕಡೆಯವನೇ, ಹರಪನಹಳ್ಳಿಯ ಚಂದ್ರಶೇಖರ. ರಿಪೇರಿಗೆ ಒಪ್ಪಿಗೆ ಕೇಳಿದರೆ ಯಂತ್ರದ ಮೇಲೆ ಚೀಟಿ ಅಂಟಿಸಿದ: "ಮುಟ್ಟಬಾರದು. ಇವರು ಬಳ್ಳಾರಿ ಕಡೆಯವರು, ಬಿಸಿಲಿಗೆ ಪಳಗಿದವರು." ಕನ್ನಡದಲ್ಲೇ ಬರೆದಿದ್ದ, ಚೇಷ್ಟೆ ನಮ್ಮವರಿಗೆ ಚೆನ್ನಾಗಿ ತಿಳಿಯಲಿ ಎಂದು. ಮೂರನೆಯ ದಿನ ಮಧ್ಯಾಹ್ನ ಮೂರಕ್ಕೆ ಎಬ್ಬಿಸಲು ಹೋದರೆ ಅಣ್ಣ ಏಳಲಿಲ್ಲ.

ಮೊದಲ ಸಲ ಹೇಳುವಾಗ ಮಹಬೂಬಣ್ಣ, ಕಂಪ್ರೆಸರ್ ಸುಟ್ಟಿತ್ತು, ಅಲ್ಲೇ ಸರಿಮಾಡುವಂಥದ್ದಲ್ಲ ಎಂದಿದ್ದರು. ಎರಡು ವರ್ಷದ ಮೇಲೆ ಒಂದು ದಿನ ಅಂಗಡಿಯಲ್ಲಿ ಚಹಾ ಕುಡಿಯುವಾಗ ಬೇರೆಯೇ ಹೇಳಿದರು.

"ಕೆಪಾಸಿಟರ್ ಹೋಗಿತ್ತು ತಮ್ಮಾ. ಅರ್ಧ ತಾಸಿನ ಕೆಲಸ. ನನ್ನ ಚೀಲದಾಗ ಹೊಸಾದು ಇತ್ತು."

"ಮತ್ಯಾಕ ಹಾಕ್ಲಿಲ್ಲ?"

"ಚೀಟಿ ಇತ್ತಲ್ಲ."

ಅದನ್ನು ಹೇಳಿದ ಮುಖ ನನಗೆ ನೆನಪಿಲ್ಲ. ಕೆನೆಗಟ್ಟಿದ ಚಹಾ ನೆನಪಿದೆ. ಚಂದ್ರಶೇಖರನ ಹೆಸರಿನ ಕೆಳಗೆ ಅವತ್ತು ನಾನು ಮನಸ್ಸಿನಲ್ಲೇ ಇನ್ನೊಂದು ಹೆಸರು ಬರೆದುಕೊಂಡೆ. ಆದರೂ ವಾರಕ್ಕೊಮ್ಮೆ ಅವರ ಅಂಗಡಿಗೆ ಹೋಗುವುದನ್ನು ಬಿಡಲಿಲ್ಲ.

ಅವರ ಮೇಜಿನ ಮೇಲೆ ಉದ್ದನೆಯ ನೋಟ್‌ಬುಕ್ ಇರುತ್ತಿತ್ತು. ಪುಟದ ನಡುವೆ ಗೆರೆ. ಎಡಕ್ಕೆ 'ಅಲ್ಲಿ', ಬಲಕ್ಕೆ 'ಇಲ್ಲಿ'. ಕುವೈತಿನಲ್ಲೇ ಉಳಿದ ಗೆಳೆಯನೊಬ್ಬ ದಿನಾ ಫೋನಿಗೆ ಕಳಿಸುತ್ತಿದ್ದ: ಹೊರಗೆ ಎಷ್ಟು ಡಿಗ್ರಿ, ಹತ್ತು ಅಡಿ ಚೌಕದ ಕೋಣೆ ತಂಪಾಗಿರಲು ಯಂತ್ರ ಎಷ್ಟು ತಾಸು ಓಡಿತು. ಕೊಟ್ಟೂರಿನ ಅಷ್ಟೇ ಅಳತೆಯ ಕೋಣೆಯದನ್ನು ಇವರು ಬರೆಯುತ್ತಿದ್ದರು. ಮೊದಲಿನ ಪುಟಗಳಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ಬರಬರುತ್ತ ಏಪ್ರಿಲಿನ ಪುಟಗಳಲ್ಲಿ 'ಇಲ್ಲಿ'ಯು 'ಅಲ್ಲಿ'ಯ ಬೆನ್ನು ಹತ್ತಿತ್ತು.

"ಅಲ್ಲಿ ಹೊರಗ ಬೆಂಕಿ ಇದ್ರೂ ದೊಡ್ಡೋರ ಗ್ವಾಡಿಯೊಳಗ ದಪ್ಪನ ಹೊದಿಕಿ ಇರತೈತಿ. ನಮ್ಮ ಗ್ವಾಡಿ ಹಗಲೆಲ್ಲ ಬಿಸಿಲು ಕುಡದು ಸಂಜಿಮುಂದ ಮನ್ಯಾಗ ಕಾರತೈತಿ," ಎನ್ನುತ್ತಿದ್ದರು. "ಯಾರೂ ಪಳಗಿಲ್ಲ ತಮ್ಮಾ. ಅವರಿಗೆ ಯಂತ್ರ ಐತಿ, ನಮಗ ಇಲ್ಲ. ಅಷ್ಟ ಫರಕು."

"ಇದನ್ನೆಲ್ಲ ಯಾರಿಗೆ ತೋರಸ್ತೀರಿ?"

"ಬರ್ತಾನ ಅಂವ. ಎಲ್ಲಿ ಹೋಗ್ತಾನ?"

ಬಂದ. ಚಂದ್ರಶೇಖರ ಹರಪನಹಳ್ಳಿಯಲ್ಲಿ ಮನೆ ಕಟ್ಟಿಸಿದ, ಕುವೈತಿನ ಕಟ್ಟಡಗಳ ಹಾಗೆ ಪಡುವಣಕ್ಕೆ ಇಡೀ ಗಾಜು. ದಾವಣಗೆರೆಯಿಂದ ತರಿಸಿ ಹಾಕಿದ ಎ.ಸಿ. ಈ ಏಪ್ರಿಲಿನಲ್ಲಿ ನಿಂತುಹೋಯಿತು. ಅಂಗಡಿಯವರು ಇವತ್ತು ನಾಳೆ ಎನ್ನುತ್ತಿದ್ದರು. ಯಾರೋ ಮಹಬೂಬಣ್ಣನ ಹೆಸರು ಹೇಳಿದರು, ಅವನು ಫೋನ್ ಮಾಡಿದ. ಗುರುತು ಮರೆತಿದ್ದ. ನೋಟ್‌ಬುಕ್ ಹಿಡಿದು ನಾನೂ ಹೋದೆ.

ಮಹಬೂಬಣ್ಣ ಯಂತ್ರ ಬಿಚ್ಚಿ ನೋಡಿ ಮತ್ತೆ ಮುಚ್ಚಿದರು. "ಕೋಣಿ ಕಾವಿನ ಲೋಡ್ ಅಳೀಬೇಕ್ರಿ ಸಾಹೇಬ್ರ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ ಒಂದ್ ತಾಸು ಕೂಡ್ರಿ. ಮನಷ್ಯಾರ ಮೈ ಕಾವೂ ಲೆಕ್ಕಕ್ಕ ಬರತೈತಿ."

ಅರ್ಧ ನಿಜ. ಲೆಕ್ಕ ಹಾಕುವಾಗ ತಲೆ ಎಣಿಸುತ್ತಾರೆ, ಯಾರನ್ನೂ ಕೂಡಿಸಿ ಬೇಯಿಸುವುದಿಲ್ಲ. ಅವನು ಸೋಫಾದಲ್ಲಿ ಕೂತ. ಎದುರಿಗೆ ಮಹಬೂಬಣ್ಣನೂ ಕೂತರು. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಮೂರರ ಬಿಸಿಲು ಗಾಜಿನಿಂದ ಇಳಿದು ಅವನ ಮಡಿಲಿಗೆ ಬಂತು, ಆಮೇಲೆ ಎದೆಗೆ. ಅಂಗಿ ಮೈಗೆ ಅಂಟಿತು. ನನಗೆ ಎಷ್ಟು ಸುಖವಾಯಿತು ಎಂದರೆ, ನನ್ನ ಬೆವರು ನನಗೆ ಗೊತ್ತೇ ಆಗಲಿಲ್ಲ.

"ಇನ್ನೆಷ್ಟೊತ್ರಿ ಸಾಬ್ರ? ಜೀವ ಹೋಗಾಕ ಹತ್ತೈತಿ."

"ಇಷ್ಟಕ್ಕ ಹೋಗಂಗಿಲ್ರಿ. ಮೂರು ದಿನ ಹಿಡೀತೈತಿ."

ಅವನು ತಲೆಯೆತ್ತಿ ನೋಡಿದ. ಗುರುತು ಹತ್ತಿತು. ಅಥವಾ, ಹತ್ತಲಿ ಎಂದು ನಾನು ಬಯಸಿದ್ದನ್ನೇ ಕಂಡೆನೋ ಏನೋ. ಮಹಬೂಬಣ್ಣ ಎದ್ದು ಕಿಸೆಯಿಂದ ಮೊದಲೇ ಬರೆದು ತಂದಿದ್ದ ಚೀಟಿ ತೆಗೆದು ಯಂತ್ರಕ್ಕೆ ಅಂಟಿಸಿದರು. ಅವೇ ಅಕ್ಷರ, ಅದೇ ಮಾತು. ಚಂದ್ರಶೇಖರ ಅದನ್ನು ಓದುತ್ತ ನಿಂತಿದ್ದಂತೆ ನಾವು ನೋಟ್‌ಬುಕ್ ತೆರೆಯದೆಯೇ ಮೆಟ್ಟಿಲಿಳಿದೆವು. ಸಂಜೆಯೊಳಗೆ ಕೊಟ್ಟೂರೂ ಸೇರಿ ಐದೂ ಊರಿನ ಮೆಕ್ಯಾನಿಕ್‌ಗಳಿಗೆ ಸುದ್ದಿ ಮುಟ್ಟಿತು. ಯಾರೂ ಆ ಮನೆಗೆ ಹೋಗಲಿಲ್ಲ. ದಾವಣಗೆರೆಯವರು ಇವತ್ತು ನಾಳೆ ಎನ್ನುತ್ತಲೇ ಇದ್ದರು.

ಮೇ ತಿಂಗಳಲ್ಲಿ ಮಹಬೂಬಣ್ಣ ಹಾಸಿಗೆ ಹಿಡಿದರು. ಕುವೈತಿನ ಬಿಸಿಲಿನಲ್ಲಿ ನೀರಿಲ್ಲದೆ ದುಡಿದ ಮೂತ್ರಪಿಂಡಗಳು ಕೈಕೊಟ್ಟಿದ್ದವು. ಕೊನೆಯ ಸಲ ಕಂಡಾಗ ಮಂಚವನ್ನು ಗೋಡೆಗೆ ಆನಿಸಿಕೊಂಡು, ಮುಂಗೈಯನ್ನು ಅದಕ್ಕೆ ಹಚ್ಚಿ ಮಲಗಿದ್ದರು.

"ತಮ್ಮಾ, ಆ ಚೀಟಿ ಇನ್ನ ನಿಂದು. ನೀ 'ತಗೀರಿ' ಅಂದ್ರ ನಮ್ಮ ಹುಡುಗ್ರು ತಗೀತಾರ. ಎಲ್ಲಾರಿಗೂ ಹೇಳೀನಿ."

"ನಾ ಏನ್ ಮಾಡ್ಲಿ?"

"ನನ್ನ ಕೇಳಬ್ಯಾಡ. ನಾ ಒಮ್ಮಿ ಚೀಟಿ ಮಾತು ಕೇಳಿದಾಂವ."

ಅವರನ್ನು ಮಣ್ಣು ಮಾಡಿ ಬಂದ ನಾಲ್ಕನೆಯ ದಿನ, ಮಧ್ಯಾಹ್ನ, ಹರಪನಹಳ್ಳಿಯಲ್ಲಿ ಅಂಗಡಿ ಇಟ್ಟಿರುವ ಅವರ ಶಿಷ್ಯ ಇಮ್ರಾನ್ ಫೋನ್ ಮಾಡಿದ.

"ಸರ್, ಗಾಜಿನ ಮನ್ಯಾಗ ಅದೀನ್ರಿ. ನಿನ್ನಿ ಸಾಹೇಬ್ರು ತಲಿ ತಿರುಗಿ ಬಿದ್ದಿದ್ರಂತ. ಕೈ ಮುಗಿಯಾಕ ಹತ್ಯಾರ."

"ಏನು ಕೆಟ್ಟೈತಿ?"

"ಕೆಪಾಸಿಟರ್ ರೀ, ಅಷ್ಟ. ಚೀಲದಾಗ ಐತಿ. ಹಾಕ್ಲ್ಯಾ?"

ಫೋನ್ ಕಿವಿಗಿಟ್ಟುಕೊಂಡೇ ಎದ್ದು ಹೋಗಿ ನಮ್ಮ ಪಡುವಣ ಗೋಡೆಗೆ ಮುಂಗೈ ಹಚ್ಚಿದೆ. ಚುರ್ರೆಂದಿತು. ತೆಗೆಯಲಿಲ್ಲ.

"ಚೀಟಿ ಐತೇನು ಇಮ್ರಾನ್?"

"ಅರ್ಧ ಹರದಾರ್ರಿ. 'ಮುಟ್ಟಬಾರದು' ಅನ್ನೂದಷ್ಟ ಉಳದೈತಿ."

"ಓದಾಕ ಬರತೈತಲ್ಲ ಮತ್ತ," ಎಂದು ಫೋನ್ ಇಟ್ಟೆ.